ಇಂದಿನ ವಿಶೇಷ

ಒಂದು ಕನ್ನಡ ಪದದ ಅರ್ಥ ನನಗೆ ಗೊತ್ತಿಲ್ಲ ಎಂದು ನಾನು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ್ದೇನೆ. ಅದು ಕಷ್ಟದ ಪದವಲ್ಲ, ಹಳಗನ್ನಡದ್ದೂ ಅಲ್ಲ. ಆ ದಿನ ಬೆಳಿಗ್ಗೆ ಕೋರ್ಟಿಗೆ ಹೊರಡುವ ಮುಂಚೆ ಪಕ್ಕದ ಮನೆಯವರ ಜೊತೆ ಅದೇ ಪದ ಬಳಸಿ ಮಾತಾಡಿದ್ದೆ. ಕೋರ್ಟಿನಿಂದ ಬಂದ ಮೇಲೆ ಹೆಂಡತಿಯ ಜೊತೆಗೂ ಬಳಸಿದೆ. ನಡುವೆ ಕಟಕಟೆಯಲ್ಲಿ ನಿಂತಿದ್ದಷ್ಟು ಹೊತ್ತು ಮಾತ್ರ ಅದರ ಅರ್ಥ ನನಗೆ ತಿಳಿದಿರಲಿಲ್ಲ. ಈ ವಿಷಯವನ್ನು ಯಾರಿಗೆ ಹೇಳಬೇಕಿತ್ತೋ ಅವರಿಗೆ ಹೇಳಲಾಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶಿವಮೊಗ್ಗದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಕಚೇರಿಯ ಹೆಸರು ಬೇಡ. ಚರಂಡಿ, ಬೀದಿದೀಪ, ನಲ್ಲಿ ನೀರು ಮತ್ತು ಅಂಗಡಿಗಳ ಬೋರ್ಡು, ಇಷ್ಟು ನಮ್ಮ ಕೈಯಲ್ಲಿದ್ದವು. ಮೊದಲ ಮೂರನ್ನು ನೋಡಿಕೊಳ್ಳುವುದು ಕಷ್ಟವಾದ್ದರಿಂದ ನಾವು ಹೆಚ್ಚಾಗಿ ಬೋರ್ಡುಗಳನ್ನು ನೋಡಿಕೊಳ್ಳುತ್ತಿದ್ದೆವು. ಟೇಪು ಹಿಡಿದು ಬಜಾರು ಸುತ್ತುವುದು ನನ್ನ ಕೆಲಸ. ಬೋರ್ಡು ಚರಂಡಿಯಿಂದ ಆಚೆಗೆ ಚಾಚಿದೆಯೇ, ಆಳೆತ್ತರಕ್ಕಿಂತ ಕೆಳಗಿದೆಯೇ, ಬಿದ್ದರೆ ಯಾರ ತಲೆಯ ಮೇಲೆ ಬೀಳುತ್ತದೆ, ಇಷ್ಟನ್ನು ನೋಡಿ ಬರೆದುಕೊಳ್ಳಬೇಕು. ಒಬ್ಬ ಹಲ್ಲಿನ ಡಾಕ್ಟರು ತಮ್ಮ ಅಂಗಡಿಯ ಮುಂದೆ ತಗಡಿನಲ್ಲಿ ಮಾಡಿಸಿದ ದೊಡ್ಡ ದವಡೆಯೊಂದನ್ನು ತೂಗುಹಾಕಿದ್ದರು. ಅದನ್ನು ನೋಡಿ ಗಾಡಿಯ ಎತ್ತುಗಳು ಬೆದರುತ್ತವೆ ಎಂದು ದೂರು ಬಂತು. ಹೋಗಿ ಅಳೆದೆ. ದವಡೆ ಅಳತೆಯೊಳಗೇ ಇತ್ತು. ಎತ್ತುಗಳ ವಿಚಾರ ನಮ್ಮ ನಿಯಮದಲ್ಲಿ ಇರಲಿಲ್ಲ. ದೂರು ಮುಗಿಯಿತು.

ಗಾಂಧಿಬಜಾರಿನ ಒಂದು ಅಡ್ಡರಸ್ತೆಯಲ್ಲಿ ನಾನು ದಿನಾ ಕಾಫಿ ಕುಡಿಯುವ ಹೋಟೆಲಿತ್ತು. ಅದರ ಯಜಮಾನರು ಘಟ್ಟದ ಕೆಳಗಿನವರು. ಕಾಫಿ ಚೆನ್ನಾಗಿ ಮಾಡುತ್ತಿದ್ದರು, ಚಟ್ನಿಗೆ ಮಾತ್ರ ಕೈ ಬಿಗಿ. ಎರಡನೇ ಸಲ ಚಟ್ನಿ ಕೇಳಿದರೆ ಕಿವಿ ಕೇಳಿಸದವರಂತೆ ಗಲ್ಲಾದ ಕಡೆ ನಡೆದುಬಿಡುವರು. ಮಾತು ಅಂದರೆ ಪ್ರಾಣ. ಹೋಟೆಲಿನ ಬಾಗಿಲಿಗೆ ಒಂದು ಕರಿಹಲಗೆ ತೂಗುಹಾಕಿದ್ದರು. ಮೇಲೆ ಬಿಳಿ ಬಣ್ಣದಲ್ಲಿ 'ಇಂದಿನ ವಿಶೇಷ' ಎಂದು ಅಚ್ಚುಕಟ್ಟಾಗಿ ಬರೆಸಿತ್ತು. ಅದರ ಕೆಳಗೆ ಅವರೇ ಸೀಮೆಸುಣ್ಣದಲ್ಲಿ ಗೋಳಿಬಜೆ, ಕಡುಬು, ಶ್ಯಾವಿಗೆ ಎಂದು ಆ ದಿನದ ತಿಂಡಿ ಬರೆಯುತ್ತಿದ್ದರು.

ನಾನು ಒಳಗೆ ಕಾಲಿಡುತ್ತಲೇ ಕೇಳುತ್ತಿದ್ದದ್ದು ಒಂದೇ ಮಾತು: "ಏನ್ ವಿಶೇಷ ಯಜಮಾನ್ರೇ?" ಅವರು ಹೇಳಲು ಶುರುಮಾಡುತ್ತಿದ್ದರು. ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದರು, ಯಾವ ಬಸ್ಸು ಎಲ್ಲಿ ಕೆಟ್ಟು ನಿಂತಿತು, ತುಂಗೆಯಲ್ಲಿ ನೀರು ಎಷ್ಟು ಇಳಿಯಿತು. ಕಾಫಿ ಮುಗಿಯುವಷ್ಟರಲ್ಲಿ ಊರೆಲ್ಲ ನನಗೆ ತಿಳಿದಿರುತ್ತಿತ್ತು. ಕಚೇರಿಯಲ್ಲಿ ನನಗೆ ಜಾಣನೆಂಬ ಹೆಸರಿತ್ತು. ಅದು ಈ ಹೋಟೆಲಿನಿಂದ ಬಂದದ್ದು.

ಬೋರ್ಡಿನ ನಿಯಮಗಳು ಇಂಗ್ಲಿಷಿನಲ್ಲಿದ್ದವು. ಅಂಗಡಿಯವರಿಗೆ ಇಂಗ್ಲಿಷು ಬರದು, ಆದ್ದರಿಂದ ತಾವು ನಿಯಮ ಮೀರುವುದೂ ಅವರಿಗೆ ಗೊತ್ತಾಗುವುದಿಲ್ಲ ಎಂದು ನಮ್ಮ ಸಾಹೇಬರಿಗೆ ಅನಿಸಿತು. ಅವರು ಕಚೇರಿಗೆ ಮುಖ್ಯಸ್ಥರು, ಮೈಸೂರಿನ ಕಡೆಯವರು. ಕನ್ನಡಕ್ಕೆ ಮಾಡಿ ಅಚ್ಚುಹಾಕಿಸಿ ಹಂಚಿ ಎಂದರು. ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹೈಸ್ಕೂಲಿನಲ್ಲಿ ನಾನು ಇಂಗ್ಲಿಷಿನಲ್ಲಿ ಪಾಸಾಗಿದ್ದೆ. ಹೇಗೆ ಪಾಸಾಗಿದ್ದೆ ಎಂದು ಯಾರೂ ವಿಚಾರಿಸಲಿಲ್ಲ.

ಅಂಗಡಿಯವರು ಯಾವುದನ್ನು ಅನುಮತಿ ಇಲ್ಲದೆ ಬೋರ್ಡಿನಲ್ಲಿ ಬರೆಯಬಹುದು ಎಂಬ ನಿಯಮವೊಂದಿತ್ತು. ಅಂಗಡಿಯ ಹೆಸರು, ಮಾರುವ ಪದಾರ್ಥ, ಆಮೇಲೆ ಒಂದು ಇಂಗ್ಲಿಷ್ ಪದ. ನಿಘಂಟಿನಲ್ಲಿ ಅದಕ್ಕೆ ಎರಡು ಅರ್ಥ ಕೊಟ್ಟಿದ್ದರು: ವಿವರ, ವಿಶೇಷ. ಆ ಹೊತ್ತು ನಾನು ಯಜಮಾನರ ಹೋಟೆಲಿನಲ್ಲೇ ಕೂತಿದ್ದೆ. ತಲೆಯೆತ್ತಿದರೆ ಕರಿಹಲಗೆ. 'ವಿವರ' ಸಪ್ಪೆ ಅನಿಸಿತು. 'ಅಂಗಡಿಯ ಹೆಸರು, ಮಾರುವ ಪದಾರ್ಥ ಹಾಗೂ ದಿನದ ವಿಶೇಷಗಳನ್ನು ಬರೆಯಲು ಅನುಮತಿ ಬೇಕಿಲ್ಲ' ಎಂದು ಬರೆದೆ. 'ದಿನದ' ಎಂಬುದು ಇಂಗ್ಲಿಷಿನಲ್ಲಿ ಇರಲೇ ಇಲ್ಲ. ಓದಲು ಚೆನ್ನಾಗಿರಲಿ ಎಂದು ನಾನು ಹಾಕಿದ್ದು. ಬರೆದದ್ದನ್ನು ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಇನ್ನೊಂದು ಸಲ ಓದಿಸಿದರು. ಅವತ್ತು ಕೇಳದೆಯೇ ಚಟ್ನಿ ಬಂತು.

ಆ ಬೇಸಿಗೆಯಲ್ಲಿ ಹೋಟೆಲಿನ ನಲ್ಲಿ ಒಣಗಿತು. ಅವರು ಕೈಗಾಡಿಯಲ್ಲಿ ಹೊಳೆಯಿಂದ ನೀರು ತರಿಸತೊಡಗಿದರು. ಕಚೇರಿಗೆ ಬಂದು ಹೇಳಿದರು. ಯಾರೂ ಎದ್ದು ಬರಲಿಲ್ಲ. ಒಂದು ದಿನ ಹಲಗೆಯ ಮೇಲೆ ಹೀಗಿತ್ತು: ಇಡ್ಲಿ, ಬನ್ಸು, ನಲ್ಲಿಯಲ್ಲಿ ನೀರಿಲ್ಲ. ಮೂರೂ ಒಂದೇ ಅಕ್ಷರದಲ್ಲಿ, ಒಂದರ ಕೆಳಗೊಂದು. ಓದಿದವರು ನಕ್ಕರು. ಮಾರನೆಯ ದಿನ: ಅವಲಕ್ಕಿ, ಬೋಂಡಾ, ಮಾರ್ಕೆಟ್ಟಿನ ಹಿಂದಿನ ಚರಂಡಿ ಕಟ್ಟಿದೆ. ಅದರ ಮಾರನೆಯ ದಿನ ತಿಂಡಿ ಒಂದೇ ಇತ್ತು, ಬೀದಿದೀಪಗಳು ಹೆಚ್ಚಾಗಿದ್ದವು. ಹೊಳಲೂರಿನಿಂದ ತರಕಾರಿ ತರುವವರು, ಕುಂಸಿಯಿಂದ ಸಂತೆಗೆ ಬರುವವರು ಗಾಡಿ ನಿಲ್ಲಿಸಿ ಓದತೊಡಗಿದರು. ಓದು ಬಾರದವರಿಗೆ ಓದು ಬರುವವರು ಹೇಳುತ್ತಿದ್ದರು. ಓದಿದವರು ಒಳಗೆ ಬಂದು ಕಾಫಿ ಕುಡಿಯುತ್ತಿದ್ದರು. ಯಜಮಾನರಿಗೆ ವ್ಯಾಪಾರ ಏರಿತು. ಅವರಿಗೆ ಅದರಿಂದ ಸಂತೋಷವಾಗಿತ್ತು, ಆದರೆ ಬರೆದದ್ದನ್ನು ಜನ ನಿಂತು ಓದುತ್ತಾರಲ್ಲ, ಅದರಿಂದ ಇನ್ನೂ ಹೆಚ್ಚು ಸಂತೋಷವಾಗಿತ್ತು. ಓದುವವರ ಮುಖ ನೋಡಲು ಒಲೆ ಬಿಟ್ಟು ಬಾಗಿಲಿಗೆ ಬರುವರು. ಒಮ್ಮೆ ಹಾಲು ಉಕ್ಕಿ ಹೋಯಿತು.

ನಮ್ಮ ಸಾಹೇಬರು ಮೊದಲು ತಲೆಕೆಡಿಸಿಕೊಳ್ಳಲಿಲ್ಲ. ಆಮೇಲೆ ಒಂದು ದಿನ ಹಲಗೆಯ ಮೇಲೆ 'ಸಾಹೇಬರ ಮನೆಯವರೆಗೆ ಡಾಂಬರು ಬಂದಿದೆ. ಮುಂದಕ್ಕೆ ಬರುವುದಿಲ್ಲವಂತೆ' ಎಂದು ಬಂತು. ಅದರ ಮೇಲೆ ಗೋಳಿಬಜೆ ಇತ್ತು. ಸಾಹೇಬರು ನನ್ನನ್ನು ಕರೆದು ಆ ಬೋರ್ಡು ಅಳತೆಯಲ್ಲಿದೆಯೇ ನೋಡಿ ಬನ್ನಿ ಎಂದರು.

ಹಲಗೆ ಒಂದು ಗೇಣು ದೊಡ್ಡದಿತ್ತು. ಯಜಮಾನರು ಬಡಗಿಯನ್ನು ಕರೆಸಿ ಕತ್ತರಿಸಿದರು. ಕೆಳಗೆ ಜೋತಿದೆ ಎಂದೆ. ಎತ್ತಿ ಕಟ್ಟಿದರು. ಚರಂಡಿಯ ಮೇಲೆ ಬರುತ್ತದೆ ಎಂದೆ. ಗೋಡೆಗೆ ಒತ್ತಿ ಮೊಳೆ ಹೊಡೆದರು. ಪ್ರತಿ ಸಲವೂ ನನಗೆ ಕಾಫಿ ಕೊಟ್ಟು, ಇನ್ನೇನಾದರೂ ಇದೆಯೇ ಎಂದು ಕೇಳುತ್ತಿದ್ದರು. ಹಲಗೆ ಚಿಕ್ಕದಾದಷ್ಟೂ ಅಕ್ಷರ ಚಿಕ್ಕದಾಯಿತು. ಜನ ಹತ್ತಿರ ಬಂದು ಓದಬೇಕಾಯಿತು, ಗುಂಪು ಹೆಚ್ಚಾಯಿತು.

ಕೊನೆಗೆ ಅನುಮತಿ ಇಲ್ಲದೆ ಪ್ರಕಟಣೆ ಬರೆದಿದ್ದಕ್ಕೆ ಜುಲ್ಮಾನೆ ಎಂದು ನೋಟೀಸು ಹೋಯಿತು. ಕೊಟ್ಟದ್ದು ನಾನೇ. ಯಜಮಾನರು ಅದನ್ನು ಓದಿ, ಗಲ್ಲಾದ ಕೆಳಗಿನಿಂದ ನಾನು ಕನ್ನಡಕ್ಕೆ ಮಾಡಿದ ಅಚ್ಚಿನ ಹಾಳೆ ತೆಗೆದರು.

"ದಿನದ ವಿಶೇಷಕ್ಕೆ ಅನುಮತಿ ಬೇಡ ಅಂತ ನೀವೇ ಬರ್ದದ್ದಲ್ದಾ ರಾಯರೇ?"

"ಅದು ತಿಂಡಿಗೆ ಯಜಮಾನ್ರೇ."

"ತಿಂಡಿ ಅಂತ ಎಲ್ಲಿ ಬರ್ದಿದೀರಿ? ನೀವು ದಿನಾ ಬಂದು ಎಂತ ಕೇಳೂದು? ವಿಶೇಷ ಎಂತ ಅಂತ ಕೇಳ್ತೀರಿ. ನಾನು ನಿಮಗೆ ಹೇಳೂದನ್ನ ಹೊರಗೆ ನಿಂತವರಿಗೂ ಹೇಳಿದೆ ಮಾರಾಯ್ರೆ. ಅವರಿಗೇನು ಕಿವಿ ಇಲ್ವಾ?"

ಜುಲ್ಮಾನೆ ಕಟ್ಟುವುದಿಲ್ಲ, ಬೋರ್ಡೂ ತೆಗೆಯುವುದಿಲ್ಲ ಎಂದರು. ಜುಲ್ಮಾನೆ ದೊಡ್ಡದೇನಲ್ಲ, ಕಟ್ಟಿ ಸುಮ್ಮನಾಗಿ ಎಂದು ನಾನು ಹೇಳಿ ನೋಡಿದೆ. ಕಟ್ಟಿದರೆ ನಾಳೆ ಏನು ಬರೆಯಬೇಕೆಂದು ನಿಮ್ಮ ಸಾಹೇಬರನ್ನು ಕೇಳಿ ಬರೆಯಬೇಕಾಗುತ್ತದೆ, ಅವರಿಗೆ ಕಡುಬು ಹಿಡಿಸುತ್ತದೋ ಇಲ್ಲವೋ ಎಂದರು. ಕೇಸು ಕೋರ್ಟಿಗೆ ಹೋಯಿತು.

ಆಗ ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಹೆಂಡತಿಗೆ ಐದು ತಿಂಗಳು. ವಿಷಯ ತಿಳಿದ ದಿನ ಯಜಮಾನರೇ ಮಾವಿನಮಿಡಿ ಉಪ್ಪಿನಕಾಯಿ ಒಂದು ಪೊಟ್ಟಣ ಕಟ್ಟಿಕೊಟ್ಟು, ಮನೆಯಲ್ಲಿ ವಿಶೇಷ ಇರುವಾಗ ಹುಳಿ ಬೇಕಾಗುತ್ತದೆ ಎಂದಿದ್ದರು. ಸಾಕ್ಷಿ ಹೇಳುವ ಹಿಂದಿನ ದಿನ ಮಧ್ಯಾಹ್ನ ಸಾಹೇಬರು ನನ್ನನ್ನು ಕೂರಿಸಿ ಮಾತಾಡಿದರು. ಬೆದರಿಸಲಿಲ್ಲ. ನಿಯಮವನ್ನು ಕನ್ನಡಕ್ಕೆ ಮಾಡಿದವರು ನೀವು, ಆ ಪದಕ್ಕೆ ಅರ್ಥ ಏನು ಎಂದು ಕೋರ್ಟು ನಿಮ್ಮನ್ನೇ ಕೇಳುತ್ತದೆ ಎಂದರು. ಆಮೇಲೆ ಬೇರೆ ಮಾತಿಗೆ ತಿರುಗಿ, ಖಾಯಂ ಆಗುವವರ ಹೆಸರನ್ನು ಮುಂದಿನ ವಾರ ಕಳಿಸುತ್ತಿದ್ದೇನೆ ಎಂದರು. ಎರಡೂ ಮಾತಿನ ನಡುವೆ ಅವರು ಬಾಳೆಹಣ್ಣು ಸುಲಿದು ತಿಂದರು.

ಕೋರ್ಟಿನಲ್ಲಿ ಬಜಾರಿನವರು ಬಹಳ ಜನ ಬಂದಿದ್ದರು. ಮ್ಯಾಜಿಸ್ಟ್ರೇಟರು ಕೂರುತ್ತಲೇ ಬೆಂಚ್ ಗುಮಾಸ್ತರನ್ನು ಏನು ವಿಶೇಷ ಎಂದು ಕೇಳಿದರು. ಗುಮಾಸ್ತರು ತಮ್ಮ ಭಾವಮೈದುನನಿಗೆ ಸಾಗರಕ್ಕೆ ವರ್ಗವಾಯಿತು ಎಂದರು. ಆಮೇಲೆ ನಮ್ಮ ಕೇಸು ಕರೆದರು.

ಯಜಮಾನರ ವಕೀಲರು ಚಿಕ್ಕ ವಯಸ್ಸಿನವರು. ಮೊದಲು ಸಂವಿಧಾನ ಎತ್ತಿದರು. ಮನುಷ್ಯನಿಗೆ ತನ್ನ ಮಾತು ಹೇಳುವ ಹಕ್ಕಿದೆ, ಆ ಮಾತು ಬಾಯಿಂದ ಬಂದರೂ ಅಷ್ಟೇ, ಹಲಗೆಯಿಂದ ಬಂದರೂ ಅಷ್ಟೇ. ಗೋಳಿಬಜೆ ಎಂದು ಬರೆದರೆ ಸುಮ್ಮನಿದ್ದು ಡಾಂಬರು ಎಂದು ಬರೆದರೆ ಹಿಡಿಯುವ ನಿಯಮ ಅಳತೆಯ ನಿಯಮವಲ್ಲ, ಮಾತಿನ ನಿಯಮ ಎಂದರು. ನಮ್ಮ ಕಡೆಯ ವಕೀಲರು, ಇವರು ಹೋಟೆಲಿನ ಒಳಗೆ ಎಷ್ಟಾದರೂ ಮಾತಾಡಲಿ, ಬೀದಿ ಮಾತ್ರ ಎಲ್ಲರದ್ದು ಎಂದರು. ಮ್ಯಾಜಿಸ್ಟ್ರೇಟರು ಇಬ್ಬರ ಮಾತನ್ನೂ ಕೇಳಿ, ಸಂವಿಧಾನದ ಪ್ರಶ್ನೆಗೆ ಬೆಂಗಳೂರಿಗೆ ಹೋಗಬೇಕು, ನನ್ನ ಮುಂದಿರುವುದು ಈ ಅಚ್ಚಿನ ಹಾಳೆ, 'ದಿನದ ವಿಶೇಷ' ಅಂದರೆ ಏನು ಎಂಬುದಷ್ಟೇ ಇಲ್ಲಿಯ ಪ್ರಶ್ನೆ ಎಂದರು. ಬರೆದವರು ಯಾರು ಎಂದು ಕೇಳಿದರು. ನಾನು ಕಟಕಟೆ ಹತ್ತಿದೆ.

ಪಾಟೀಸವಾಲಿಗೆ ಯಜಮಾನರ ವಕೀಲರು ಎದ್ದರು.

"ನೀವು ಈ ಹೋಟೆಲಿಗೆ ದಿನಾ ಹೋಗ್ತೀರಿ ಅಲ್ವೇ?"

"ಹೋಗ್ತೀನಿ."

"ಹೋದ ಕೂಡ್ಲೇ ಏನು ಕೇಳ್ತೀರಿ?"

"ಕಾಫಿ ಕೇಳ್ತೀನಿ."

"ಕಾಫಿಗೆ ಮುಂಚೆ?"

"ಏನು ವಿಶೇಷ ಅಂತ ಕೇಳ್ತೀನಿ."

"ಅದಕ್ಕೆ ಯಜಮಾನರು ಏನು ಹೇಳ್ತಾರೆ?"

ಯಜಮಾನರು ಎದುರಿನ ಬೆಂಚಿನಲ್ಲಿ ಕೂತಿದ್ದರು. ಒಗೆದ ಪಂಚೆ ಉಟ್ಟಿದ್ದರು. ನಾನು ಏನು ಹೇಳುತ್ತೇನೆಂದು ಅವರಿಗೆ ಗೊತ್ತಿದ್ದ ಹಾಗೆ ನೆಮ್ಮದಿಯಿಂದ ನೋಡುತ್ತಿದ್ದರು.

"ತಿಂಡಿ ಹೆಸರು ಹೇಳ್ತಾರೆ," ಎಂದೆ.

"ಬೇರೆ ಏನೂ ಹೇಳಲ್ವೇ?"

"ವಿಶೇಷ ಅಂದ್ರೆ ತಿಂಡಿ. ಬೇರೆ ಅರ್ಥ ನನಗೆ ಗೊತ್ತಿಲ್ಲ."

"ಬೀದೀಲಿ ಸ್ನೇಹಿತರು ಸಿಕ್ಕಿ ಏನಪ್ಪಾ ವಿಶೇಷ ಅಂದ್ರೆ?"

"ತಿಂಡಿ ವಿಚಾರ ಕೇಳಿದ್ರು ಅಂತ ತಿಳ್ಕೋತೀನಿ."

ವಕೀಲರು ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟರು. "ನಿಮ್ಮ ಮನೇಲಿ ವಿಶೇಷವಂತೆ ಅಂತ ಬಜಾರಲ್ಲಿ ಎಲ್ರೂ ಹೇಳ್ತಿದ್ದಾರಲ್ಲ. ಅದು?"

"ಅದೂ ತಿಂಡಿ," ಎಂದೆ.

ಹಿಂದೆ ಕೂತವರು ನಕ್ಕರು. ಮ್ಯಾಜಿಸ್ಟ್ರೇಟರು ಮೇಜು ಕುಟ್ಟಿದರು, ಆದರೆ ಅವರ ಮೀಸೆಯೂ ಅಲುಗಿತು. ಯಜಮಾನರು ನಗಲಿಲ್ಲ. ಪಂಚೆಯ ಅಂಚನ್ನು ಬೆರಳಿನಿಂದ ಮಡಿಸಿ ಬಿಚ್ಚಿ ಮಾಡುತ್ತಿದ್ದರು.

ನಿಯಮ ಬರೆದವರೇ ಪ್ರಮಾಣ ಮಾಡಿ ಹೀಗೆ ಹೇಳಿರುವಾಗ ಕೋರ್ಟಿಗೆ ಬೇರೆ ಅರ್ಥ ಹುಡುಕಲು ಬರುವುದಿಲ್ಲ ಎಂದು ತೀರ್ಪಾಯಿತು. ವಿಶೇಷ ಎಂದರೆ ತಿಂಡಿ, ಚರಂಡಿ ತಿಂಡಿಯಲ್ಲ. ಜುಲ್ಮಾನೆ ಕಟ್ಟಬೇಕು, ಹಲಗೆ ಕಚೇರಿಯ ವಶಕ್ಕೆ. ಬೆಂಗಳೂರಿಗೆ ಹೋಗೋಣ ಎಂದು ಚಿಕ್ಕ ವಕೀಲರು ಉತ್ಸಾಹದಿಂದ ಹೇಳಿದರಂತೆ. ತಾನು ಬೆಂಗಳೂರಿಗೆ ಹೋದರೆ ಹಿಟ್ಟು ರುಬ್ಬುವವರು ಯಾರು ಎಂದು ಯಜಮಾನರು ಕೇಳಿದರಂತೆ. ಅಲ್ಲಿಗೆ ಸಂವಿಧಾನ ಮುಗಿಯಿತು.

ಹೊರಗೆ ಮರದ ಕೆಳಗೆ ನಿಂತಿದ್ದೆ. ಯಜಮಾನರು ಹಾದುಹೋಗುವಾಗ ನಿಂತರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.

"ಈವತ್ತು ಗೋಳಿಬಜೆ ಮಾಡ್ಲಿಲ್ಲ ರಾಯರೇ," ಎಂದರು. "ಕೋರ್ಟಿತ್ತಲ್ಲ."

ಹಲಗೆ ತರಲು ಹೋದದ್ದೂ ನಾನೇ. ನನ್ನ ಮಾತಿಗೇ ಗೋಡೆಗೆ ಒತ್ತಿ ಬಲವಾಗಿ ಮೊಳೆ ಹೊಡೆದಿದ್ದರಿಂದ ಕೀಳುವುದು ಕಷ್ಟವಾಯಿತು. ಕಚೇರಿಯಲ್ಲಿ ಅದು ಸ್ವಲ್ಪ ದಿನ ಮೂಲೆಯಲ್ಲಿತ್ತು. ಆಮೇಲೆ 'ಇಂದಿನ ವಿಶೇಷ' ಎಂಬುದರ ಮೇಲೆ ಕರಿ ಬಣ್ಣ ಬಳಿದು, 'ನಲ್ಲಿ ನೀರು ಬರುವ ಸಮಯ' ಎಂದು ಬರೆಸಿ ಬಾಗಿಲಿಗೆ ಹಾಕಿದೆವು. ಕೆಳಗೆ ಸಮಯ ಬರೆಯಲು ಜಾಗ ಬಿಟ್ಟಿತ್ತು. ಆ ಜಾಗ ಹಾಗೇ ಉಳಿಯಿತು. ತೀರ್ಪಾದ ಮುಂದಿನ ವಾರ ನಾನು ಖಾಯಂ ಆದೆ. ಕೆಲವು ತಿಂಗಳಲ್ಲಿ ಮಗಳು ಹುಟ್ಟಿದಳು.

ಹೋಟೆಲಿಗೆ ಹೋಗುವುದನ್ನು ನಾನು ಬಿಟ್ಟೆ. ಮುಂದಿನ ವರ್ಷ ಹೋಟೆಲಿನ ಲೈಸೆನ್ಸಿಗೆ ಹೊಗೆ ಹೋಗುವ ದಾರಿ ಸರಿಯಿಲ್ಲವೆಂಬ ತಕರಾರು ಬಂತು. ಹೊಗೆ ಹೋಗುವ ದಾರಿ ಅಷ್ಟು ವರ್ಷವೂ ಅದೇ ಇತ್ತು. ಯಜಮಾನರು ಈ ಸಲ ಕೋರ್ಟಿಗೆ ಹೋಗಲಿಲ್ಲ. ಪಾತ್ರೆ ಪಡಗ ಗಾಡಿಗೆ ಹಾಕಿಕೊಂಡು ಭದ್ರಾವತಿಗೆ ಹೋದರು.

ಅವರಿಗೆ ನಿಜ ಹೇಳಬೇಕು ಎಂದು ತೀರ್ಮಾನಿಸಲು ನನಗೆ ಎರಡು ವರ್ಷ ಹಿಡಿಯಿತು. ಒಂದು ಭಾನುವಾರ ಬಸ್ಸು ಹತ್ತಿ ಹೋದೆ. ಕಾರ್ಖಾನೆಯ ಗೇಟಿಗೆ ಹೋಗುವ ದಾರಿಯಲ್ಲಿ ತಗಡಿನ ಮಾಡಿನ ಚಿಕ್ಕ ಹೋಟೆಲು. ಬಾಗಿಲಿಗೆ ಬೋರ್ಡೇ ಇರಲಿಲ್ಲ, ಹೆಸರಿನದೂ ಇಲ್ಲ. ಒಳಗೆ ಪಾಳಿ ಮುಗಿಸಿ ಬಂದ ಕೆಲಸಗಾರರು. ನಾನು ಮೂಲೆಯ ಬೆಂಚಿನಲ್ಲಿ ಕೂತೆ. ಒಬ್ಬ ಬಾಗಿಲಲ್ಲೇ "ಏಂಟಿ ವಿಶೇಷಾಲು?" ಎಂದು ಕೇಳುತ್ತ ಬಂದ. ಅವನು ತೆಲುಗಿನವನು. ಯಜಮಾನರು ಅವನಿಗೆ ಏನೋ ಹೇಳಿದರು, ಅವನು ನಕ್ಕ. ಇನ್ನೊಬ್ಬ, ಕಾರ್ಖಾನೆಯ ಕುಲುಮೆಯ ಕಾವಿಗೆ ಮುಖ ಕಪ್ಪಾದ ವಯಸ್ಸಾದ ತಮಿಳಿನವನು, "ಎನ್ನ ವಿಶೇಷಂ?" ಎಂದ. ನಾನು ಆ ಪದವನ್ನು ಒಂದೇ ಭಾಷೆಯಲ್ಲಿ ಸುಳ್ಳು ಮಾಡಿದ್ದೇನೆ ಅಂದುಕೊಂಡಿದ್ದೆ. ಅವತ್ತು ಮೂರಾಯಿತು.

ಯಜಮಾನರು ಆ ತಮಿಳಿನವನ ಪಕ್ಕ ಕೂತು ತಮಗೆ ಬರುವ ತಮಿಳಿನಲ್ಲಿ ಬಹಳ ಹೊತ್ತು ಹೇಳಿದರು. ನನಗೆ ತಮಿಳು ಬಾರದು. ನಡುವೆ 'ಊರು' ಎಂಬುದೊಂದು ಕಿವಿಗೆ ಬಿತ್ತು. ತಮಿಳರ ಊರಿನ ಮಾತು ಅಂದುಕೊಂಡೆ. ಕೇಳಿದವನು ಯಜಮಾನರ ಕೈ ಹಿಡಿದುಕೊಂಡ.

ಆಮೇಲೆ ಅವರು ನನ್ನ ಬಳಿ ಬಂದರು. ಗುರುತು ಸಿಕ್ಕಿತ್ತು, ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಕೂತು ನಾನು ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿಗೆ ಹೋಯಿತೋ. ಹಳೆಯ ಅಭ್ಯಾಸದಿಂದ ಬಾಯಿಗೆ ಬಂದದ್ದು ಇಷ್ಟೇ:

"ಏನ್ ವಿಶೇಷ ಯಜಮಾನ್ರೇ?"

"ಗೋಳಿಬಜೆ ಇದೆ," ಎಂದರು. "ಬಿಸಿ ಇದೆ. ತರ್ಲಾ?"

ತಂದರು. ತಿಂದೆ. ಚಟ್ನಿ ಕೇಳದೆಯೇ ಎರಡನೇ ಸಲ ಬಡಿಸಿದರು. ಅದನ್ನು ನೋಡಿ ಇವತ್ತು ಬೇಡ, ಜನ ಬಹಳ ಇದ್ದಾರೆ, ಮುಂದಿನ ಸಲ ಬಂದು ಹೇಳೋಣ ಎಂದು ಎದ್ದುಬಂದೆ.

ಮುಂದಿನ ಸಲ ಹೋಗುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ತಗಡಿನ ಮಾಡು ಇತ್ತು, ಬಾಗಿಲಿಗೆ ಬೀಗ. ಎದುರಿನ ಬೀಡಿ ಅಂಗಡಿಯ ಮುಂದೆ ಅದೇ ತಮಿಳಿನವನು ಕೂತಿದ್ದ. ಯಜಮಾನರು ಎಲ್ಲಿ ಎಂದು ಕೇಳಿದೆ. ಹೋಟೆಲು ಮುಚ್ಚಿ ಘಟ್ಟದ ಕೆಳಗೆ ತಮ್ಮ ಊರಿಗೆ ಹೋಗಿಬಿಟ್ಟರು, ಯಾವ ಊರೋ ಹೆಸರು ಬಾಯಿಗೆ ಬರುವುದಿಲ್ಲ ಎಂದ.

"ಅವತ್ತು ಹೇಳ್ತಾ ಇದ್ರಲ್ಲ ಸಾರ್, ಮುಚ್ತೀನಿ, ಊರಿಗೆ ಹೋಗ್ತೀನಿ ಅಂತ. ನೀವೂ ಅಲ್ಲೇ ಕೂತಿದ್ರಿ. ನಿಮಗೆ ಹೇಳ್ಲಿಲ್ವಾ?"

ಇಲ್ಲ ಎಂದೆ. ಅವನಿಗೆ ಆಶ್ಚರ್ಯವಾದಂತೆ ಕಂಡಿತು. ಬೆಂಚಿನಲ್ಲಿ ಜರುಗಿ ಜಾಗ ಕೊಟ್ಟ.

"ಏನ್ ಸಾರ್ ವಿಶೇಷ, ಅಷ್ಟು ದೂರದಿಂದ ಬಂದ್ರಿ?"

"ಗೋಳಿಬಜೆ ತಿನ್ನೋಣ ಅಂತ," ಎಂದೆ.